ಗಡಿಯಾರದ ನೆಲ, ಚಂದ್ರನ ಮ್ಯಾಂಗನೀಸ್

ಹಳೆಯ ಎಚ್‌ಎಂಟಿ ವಾಚಿಗೆ ದಿನಾ ಬೆಳಿಗ್ಗೆ ಕೀ ಕೊಡಬೇಕಿತ್ತು. ಹೆಬ್ಬೆರಳು, ತೋರುಬೆರಳಲ್ಲಿ ಆ ಸಣ್ಣ ತಿರುಪನ್ನು ಹಿಡಿದು ತಿರುಗಿಸಿ, ಬಿಗಿ ಬಂದೊಡನೆ ಕೈ ಬಿಡಬೇಕು. ಅಂಥ ವಾಚುಗಳನ್ನು 1970ರ ದಶಕದ ಕೊನೆಯಿಂದ ತುಮಕೂರಿನಲ್ಲೂ ಮಾಡುತ್ತಿದ್ದರು. ಅಳಿಯನ ಕೈಗೆ ಎಚ್‌ಎಂಟಿ ಕಟ್ಟುವುದೆಂದರೆ ಮಾವನಿಗೆ ಮರ್ಯಾದೆಯ ಮಾತು. ಆಮೇಲೆ ಕ್ವಾರ್ಟ್ಜ್ ಬಂತು, ಟೈಟಾನ್ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಅದೇ ವರ್ಷ ಬೆಂಗಳೂರು, ತುಮಕೂರಿನಲ್ಲಿದ್ದ ಎಚ್‌ಎಂಟಿಯ ಒಟ್ಟು 208 ಎಕರೆ ಚಿಲ್ಲರೆ ಜಮೀನನ್ನು ಬಾಹ್ಯಾಕಾಶ ಇಲಾಖೆಗೆ ಕೊಡಲು ಒಪ್ಪಿತು.

ಈ ಸೀಮೆಗೆ ಇಂಥ ಪಲ್ಲಟ ಹೊಸದಲ್ಲ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕಿದ್ದು ಇದೇ ಜಿಲ್ಲೆಯ ಕುಣಿಗಲ್. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಗಗನಯಾನಕ್ಕೆ ಪೂರ್ವತಯಾರಿಯಾಗಿ 2014ರ ಡಿಸೆಂಬರಿನಲ್ಲಿ ಹಾರಿ ಸಮುದ್ರಕ್ಕಿಳಿದ ಸಿಬ್ಬಂದಿ ಕೋಶದ ಕವಚವನ್ನು ಕಟ್ಟಿಕೊಟ್ಟದ್ದೂ ಎಚ್‌ಎಎಲ್ಲೇ.

ಆದರೆ ಬಾಹ್ಯಾಕಾಶದ ಬಗ್ಗೆ ತುಮಕೂರಿಗೆ ಹೇಳಲು ಹೆಚ್ಚು ಹಕ್ಕಿರುವುದು ಗಣಿಯ ವಿಚಾರದಲ್ಲಿ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಪ್ರಜ್ಞಾನ್ ರೋವರಿನಲ್ಲಿದ್ದ, ಬೆಂಗಳೂರಿನಲ್ಲೇ ಮಾಡಿದ ಉಪಕರಣವೊಂದು ಮಣ್ಣಿಗೆ ಲೇಸರ್ ಹೊಡೆದು, ಕಾದ ಮಣ್ಣಿಂದ ಹೊಮ್ಮುವ ಬೆಳಕನ್ನು ನೋಡಿ ಅದರಲ್ಲೇನಿದೆ ಎಂದು ಗುರುತಿಸಿತು. ಗಂಧಕದ ಸುದ್ದಿಯೇ ದೊಡ್ಡದಾಯಿತು. ಉಪಕರಣ ಗುರುತಿಸಿದ ಧಾತುಗಳ ಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಕೂಡ ಇದ್ದವು. ಎರಡೂ ಗುಬ್ಬಿಯ ಪಕ್ಕದ ಚಿಕ್ಕನಾಯಕನಹಳ್ಳಿಯಲ್ಲಿ ಅಗೆದ ಅದಿರುಗಳೇ. ಚಂದ್ರನಿಂದ ಮ್ಯಾಂಗನೀಸ್ ಹೊತ್ತು ತರುವ ಹುಚ್ಚು ಸಾಹಸಕ್ಕೆ ಯಾರೂ ಕೈಹಾಕಲಾರರು, ಬಿಡಿ. ಕಣ್ಣಿರುವುದು ಧ್ರುವದ ನೆರಳುಗುಂಡಿಗಳ ಮಂಜುಗಡ್ಡೆಯ ಮೇಲೆ. ಅದನ್ನು ಒಡೆದರೆ ಜಲಜನಕ, ಆಮ್ಲಜನಕ: ಅಲ್ಲಿರುವವರಿಗೆ ಉಸಿರು, ರಾಕೆಟ್ಟಿಗೆ ಇಂಧನ.

ಅಗೆದದ್ದು ಯಾರದು? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನ ನೆಲ ಯಾವ ದೇಶದ ಸ್ವತ್ತೂ ಅಲ್ಲ. ಅಮೆರಿಕ 2015ರಲ್ಲಿ, ತೆಗೆದ ಸಂಪತ್ತು ತೆಗೆದವರದು ಎಂದು ತನ್ನ ಪ್ರಜೆಗಳಿಗೆ ಕಾನೂನು ಮಾಡಿಕೊಟ್ಟಿತು. ಅಗೆತವನ್ನು ಒಪ್ಪುವ ಆರ್ಟೆಮಿಸ್ ಒಡಂಬಡಿಕೆಗೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿತು. ಮೊದಲು ಅಗೆದು ಆಮೇಲೆ ಲೆಕ್ಕ ಕೇಳಿದರೆ ಏನಾಗುತ್ತದೆಂದು ಈ ಜಿಲ್ಲೆ ಕಂಡಿದೆ: ಗುಡ್ಡಗಳು ಕರಗಿದ ಮೇಲೆ, 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗದ ಗಣಿಗಳನ್ನು ನಿಲ್ಲಿಸಿತು.

ಚಂದ್ರನ ಸಂಪತ್ತು ಮನುಕುಲದ ಒಟ್ಟು ಆಸ್ತಿ ಎನ್ನುವ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲೇ ಸಹಿ ಹಾಕಿದೆ. ಅನುಮೋದಿಸಿಲ್ಲ.