ಆಗಸ್ಟ್ ರಜೆ, ಕುದುರೆಮುಖ ಮತ್ತು ಅಜ್ಜಿಯ ಕ್ಯಾಲೆಂಡರ್

ಭಾಗ 1/5 ⛰️
ಆಗಸ್ಟ್ 15ರ ಪಕ್ಕದಲ್ಲಿ ಒಂದು ಶನಿವಾರ-ಭಾನುವಾರ ಸಿಕ್ಕಿದ್ರೆ ಸಾಕು, ಮಣಿಪಾಲದ ಹಾಸ್ಟೆಲ್ ಗ್ರೂಪಿನಲ್ಲೂ ಕಾರ್ಕಳದ ಕ್ಲಾಸ್ ಗ್ರೂಪಿನಲ್ಲೂ ಒಂದೇ ಮೆಸೇಜ್: "ಕುದುರೆಮುಖ ಹೋಗುವನಾ?" ನಿಮ್ಮ ಗ್ರೂಪಿನಲ್ಲೂ ಬಂದಿರ್ತದೆ. ನಮ್ಮದ್ರಲ್ಲಿ ಬಂದಾಗ ಮನೆಯಲ್ಲಿ ಹೇಳಿದೆ. ಅಜ್ಜಿ ಕೇಳಿದ್ದು ಇಷ್ಟೇ: "ಆಟಿ ಕಳೆಯಲಿಲ್ಲ ಇನ್ನೂ, ಘಟ್ಟಕ್ಕೆ ಎಂತಕ್ಕೆ ಹೋಗುದು?"

ನಾನು ನಕ್ಕೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ತುಳುವಿನ ಆಟಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ 16-17ರ ವರೆಗೆ. ಅಂದ್ರೆ ನಮ್ಮ ಸ್ವಾತಂತ್ರ್ಯ ದಿನದ ಟ್ರಿಪ್ ಬೀಳುವುದು ಸರಿಯಾಗಿ ಆಟಿಯ ಕೊನೆಗೆ. ಆಟಿಯಲ್ಲಿ ಮದುವೆ ಇಲ್ಲ. ಮೇ ತಿಂಗಳ ಪತ್ತನಾಜೆಗೇ ಭೂತಕೋಲ ನಿಂತಿರ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿರ್ತಾರೆ. ಈಗಲೂ ಜೂನ್ 1ರಿಂದ ಜುಲೈ 31ರ ವರೆಗೆ ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಮ್ಮ ಊರಿಗೆ ಮಳೆಗಾಲ ಅಂದ್ರೆ ಬಾಗಿಲು ಹಾಕುವ ಕಾಲ. ಹಾಗಾದ್ರೆ ಘಟ್ಟಕ್ಕೆ ಮಾತ್ರ ಇದೇ ಸೀಸನ್ ಆದದ್ದು ಹೇಗೆ?

ಭಾಗ 2/5 🐂
ಕಾರ್ಕಳದವರಿಗೆ ಘಟ್ಟದ ಮೇಲಿನ ಊರು ಹೊಸತಲ್ಲ. 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ್ದು ವೀರಪಾಂಡ್ಯ. ಅವನ ಮನೆತನದ ಹೆಸರೇ ಕಳಸ-ಕಾರ್ಕಳದ ಭೈರರಸರು. ಕಳಸ ಘಟ್ಟದ ಮೇಲೆ, ಕಾರ್ಕಳ ಘಟ್ಟದ ಕೆಳಗೆ, ರಾಜ್ಯ ಒಂದೇ. ನಡುವೆ ಇದ್ದದ್ದು ಇದೇ ಕುದುರೆಮುಖದ ಕಾಡು. ಕೆಳಗಿನ ಉಪ್ಪು ಮೇಲೆ, ಮೇಲಿನ ಮೆಣಸು ಕೆಳಗೆ, ಎತ್ತಿನ ಬೆನ್ನಲ್ಲಿ. ಆ ಓಡಾಟ ಶುರುವಾಗುತ್ತಿದ್ದದ್ದು ಮಳೆ ನಿಂತು ದಾರಿ ಒಣಗಿದ ಮೇಲೆ.

ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಊರೂರು ನಡೆಯುವುದಿಲ್ಲ, ಒಂದೇ ಕಡೆ ನಿಲ್ತಾರೆ. ಅದು ಚಾತುರ್ಮಾಸ. ಕಾರಣ ಸರಳ: ಮಳೆಗೆ ನೆಲದ ತುಂಬಾ ಹುಳಹುಪ್ಪಟೆ, ಹೊಸ ಚಿಗುರು, ಕಾಲಿಟ್ಟಲ್ಲೆಲ್ಲ ಒಂದು ಜೀವ. ಉಡುಪಿಯ ಅಷ್ಟಮಠದ ಸ್ವಾಮಿಗಳೂ ಇದೇ ಸಮಯದಲ್ಲಿ ಚಾತುರ್ಮಾಸ್ಯಕ್ಕೆ ಕೂರ್ತಾರೆ.

ಬ್ರಿಟಿಷ್ ಕಾಲದಲ್ಲಿ ಮಂಗಳೂರಿನ ಅಧಿಕಾರಿಗಳು ಕುದುರೆಮುಖ ಹತ್ತುತ್ತಿದ್ದದ್ದು ಬೇಸಿಗೆಯಲ್ಲಿ, ಸೆಖೆ ತಡೆಯಲಾರದೆ. ಆಗ ಕೆಳಗಿನ ಜಿಲ್ಲೆ ಸೌತ್ ಕೆನರಾ, ಮದ್ರಾಸಿಗೆ ಸೇರಿದ್ದು. ಮೇಲೆ ಮೈಸೂರು ಸಂಸ್ಥಾನ. 1956ರಲ್ಲಿ ಎರಡೂ ಒಂದೇ ರಾಜ್ಯವಾದವು. 1997ರ ಆಗಸ್ಟ್ 25ಕ್ಕೆ ಉಡುಪಿಯೇ ಬೇರೆ ಜಿಲ್ಲೆ ಆಯ್ತು. ಆದ್ರೂ ಮಾಳ ದಾಟಿ ಮೇಲೆ ಹೋದರೆ ಸಿಗುವ ಜಾಗದ ಹೆಸರು ಇವತ್ತಿಗೂ "ಎಸ್.ಕೆ. ಬಾರ್ಡರ್". ಮುಂದಿನ ಸಲ ಅಲ್ಲಿ ಹೋಗುವಾಗ ಆ ಎಸ್.ಕೆ. ಅಂದ್ರೆ ಎಂತ ಅಂತ ಫ್ರೆಂಡ್ಸಿಗೆ ಕೇಳಿ, ಎಷ್ಟು ಜನ ಹೇಳ್ತಾರೆ ನೋಡುವ.

ಭಾಗ 3/5 ⛏️
ಬೆಟ್ಟದ ಕ್ಯಾಲೆಂಡರನ್ನು ಮೊದಲು ಮುರಿದದ್ದು ನಾವಲ್ಲ, ಕಬ್ಬಿಣ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯ್ತು. ದುಡ್ಡು ಹಾಕಲು, ಅದಿರು ಕೊಳ್ಳಲು ಒಪ್ಪಿದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿ ಆಯ್ತು, ಇರಾನ್ ಹಿಂದೆ ಸರಿಯಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಅದಿರನ್ನು ಪುಡಿ ಮಾಡಿ ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಕಾಡಿನ ಮಧ್ಯೆ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಇರುವ ಒಂದು ಪೇಟೆಯೇ ಎದ್ದಿತು. ಮಳೆಗಾಲವೋ ಬೇಸಿಗೆಯೋ, ಕೆಲಸ ನಿಲ್ಲುವ ಹಾಗಿಲ್ಲ.

1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಆಯ್ತು. ಕಡೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: 2005ರ ಕೊನೆಗೆ ಗಣಿ ನಿಲ್ಲಿಸಿ. ನಿಂತಿತು. ಆ ಹೋರಾಟದ ದೊಡ್ಡ ವಾದ ಏನು ಗೊತ್ತುಂಟಾ? ಮಳೆ. ಹುಲ್ಲು ಕಿತ್ತ ಗುಡ್ಡದ ಮೇಲೆ ಇಲ್ಲಿನ ಮಳೆ ಬಿದ್ದರೆ ಮಣ್ಣು ಕೊಚ್ಚಿ ಸೀದಾ ಭದ್ರಾ ನದಿಗೆ ಹೋಗ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ.

ಈಗ ನಮ್ಮ ಶೂ ನೋಡಿಕೊಳ್ಳುವ. ನೆಂದ ಹುಲ್ಲುಗುಡ್ಡದ ಮೇಲೆ ಒಂದೇ ಸಾಲಲ್ಲಿ ನೂರಾರು ಜನ ನಡೆದರೆ ಹುಲ್ಲು ಹೋಗಿ ಕೆಂಪು ಚರಂಡಿ ಆಗ್ತದೆ. ಪಕ್ಕದಲ್ಲಿ ನಡೆದರೆ ಇನ್ನೊಂದು ಚರಂಡಿ. ಗಣಿ ದೊಡ್ಡದಾಗಿ ಮಾಡಿದ್ದನ್ನು ನಾವು ಸಣ್ಣದಾಗಿ ಮಾಡ್ತಾ ಇದ್ದೇವೆ, ಅಷ್ಟೇ ವ್ಯತ್ಯಾಸ.

ಭಾಗ 4/5 🌧️
2024ರ ಜನವರಿ, ಗಣರಾಜ್ಯೋತ್ಸವದ ರಜೆ. ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ. ಆ ವಿಡಿಯೊ ನೀವೂ ನೋಡಿರ್ತೀರಿ. ಅದಾದ ಮೇಲೆಯೇ ಸರಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದ್ದು. "ಸ್ಲಾಟ್ ಸಿಗ್ಲಿಲ್ಲ" ಅಂತ ನಾವೆಲ್ಲ ಬೈದೆವು, ನಾನೂ ಬೈದಿದ್ದೇನೆ. ಈಗ ಅನಿಸ್ತದೆ, ಆ ಸ್ಲಾಟ್ ಇವತ್ತಿನ ಆಟಿ. "ಈಗ ಬೇಡ, ಇಷ್ಟು ಜನ ಬೇಡ" ಅಂತ ಅಜ್ಜಿ ಬಾಯಲ್ಲಿ ಹೇಳಿದ್ದನ್ನು ವೆಬ್‌ಸೈಟ್ ಹೇಳ್ತಾ ಉಂಟು.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ರೆಡ್ ಅಲರ್ಟ್ ಬಂದಾಗ ಡಿಸಿ ರಜೆ ಕೊಡುವುದು ಎಂತಕ್ಕೆ? 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಅವಳು ಹಳ್ಳ ದಾಟಲೇಬೇಕಿತ್ತು, ಬೇರೆ ದಾರಿ ಇರ್ಲಿಲ್ಲ. ಮರುವರ್ಷ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ, ಗೆಳೆಯನ ಫೋನ್ ಕ್ಯಾಮೆರಾ ಓಡ್ತಾ ಇತ್ತು. ಮಕ್ಕಳು ಹಳ್ಳ ದಾಟದೆ ಇರಲಿ ಅಂತ ಕೊಟ್ಟ ರಜೆಯಲ್ಲಿ ನಾವು ಅದೇ ಹಳ್ಳ ಹುಡುಕಿಕೊಂಡು ಹೋಗ್ತೇವೆ.

ಭಾಗ 5/5 ✅
ಹಾಗಾದ್ರೆ ಪ್ಲ್ಯಾನ್ ಎಂತ? ಮನೆಯಲ್ಲೇ ಕೂರಿ ಅಂತ ನಾನು ಹೇಳುವುದಿಲ್ಲ.

▪️ ಮೊದಲು ಸ್ಲಾಟ್, ಆಮೇಲೆ ಗಾಡಿ, ಆಮೇಲೆ ಗ್ರೂಪ್. ನಾವು ಯಾವಾಗಲೂ ಉಲ್ಟಾ ಮಾಡುವುದು.
▪️ ಸಿಕ್ಕಿದರೆ ಗೈಡ್ ಹೇಳಿದ ದಾರಿಯಲ್ಲೇ ನಡೀರಿ, ಕೆಸರು ಇದ್ರೂ. ಹಳ್ಳದ ನೀರು ಕೆಂಪಾದರೆ, ಸದ್ದು ಹೆಚ್ಚಾದರೆ ವಾಪಸ್. ಮೇಲೆ ಮಳೆ ಬಿದ್ದಿದೆ ಅಂತ ಅರ್ಥ. ಇಂಬಳ ಕಚ್ಚುತ್ತದೆ, ಕಿರುಚಬೇಡಿ 😄
▪️ ಎಸ್.ಕೆ. ಬಾರ್ಡರ್ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ. ಗಾಡಿ ನಿಲ್ಲಿಸಿ ತೊರೆಯಲ್ಲಿ ಆಡುವ ಜಾಗ ಅಲ್ಲ.
▪️ ಸ್ಲಾಟ್ ಸಿಗ್ಲಿಲ್ವಾ? ಕಾರ್ಕಳದ ಗೊಮ್ಮಟ ಬೆಟ್ಟ ಹತ್ತಿ. ಮಂಜು ಸರಿದರೆ ಪೂರ್ವಕ್ಕೆ ಇಡೀ ಘಟ್ಟದ ಸಾಲು ಕಾಣ್ತದೆ. ಅಲ್ಲಿಂದ ವರಂಗದ ಕೆರೆ ಬಸದಿ. ದೋಣಿಯವರು ಇವತ್ತು ಬೇಡ ಅಂದರೆ ಬೇಡ. ಸಂಜೆಗೆ ಕಾಪು, 1901ರ ದೀಪಸ್ತಂಭ. ಬಂಡೆಯ ತುದಿಗೆ ಮಾತ್ರ ಹೋಗ್ಬೇಡಿ.

ನಮಗೆ ಆಗಸ್ಟಿನ ಸ್ಲಾಟ್ ಸಿಗಲಿಲ್ಲ. ಡಿಸೆಂಬರಿಗೆ ನೋಡುವ ಅಂತ ಬಿಟ್ಟೆವು. ಅಜ್ಜಿಗೆ ಹೇಳಿದೆ. "ಹಾಂ, ಆಗ ಹೋಗು. ಬೆಟ್ಟ ಅಲ್ಲೇ ಇರ್ತದೆ" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನನ್ನನ್ನೂ ಗೊಮ್ಮಟ ಬೆಟ್ಟದವರೆಗೆ ಕರ್ಕೊಂಡು ಹೋಗು, ಮದುವೆ ಆದ ವರ್ಷ ಹತ್ತಿದ್ದು" ಅಂದರು. ಈ ಭಾನುವಾರದ ಪ್ಲ್ಯಾನ್ ಅದೇ.

ನಿಮ್ಮ ಮನೆಯ ಹಿರಿಯರು ಮಳೆಗಾಲದಲ್ಲಿ ಎಲ್ಲಿಗೆ ಹೋಗ್ಬೇಡ ಅಂತಿದ್ದರು? ಯಾಕೆ? ಕೇಳಿ, ಕಮೆಂಟಲ್ಲಿ ಬರೀರಿ. ಟ್ರಿಪ್ ಪ್ಲ್ಯಾನ್ ಮಾಡ್ತಾ ಇರುವ ಆ ಒಬ್ಬ ಫ್ರೆಂಡಿಗೆ ಇದನ್ನು ಕಳಿಸಿ.

#ಕುದುರೆಮುಖ #ಕಾರ್ಕಳ #ಕಾಪು #ಆಟಿ #ನಮ್ಮೂರಇತಿಹಾಸ