ಎರೆ ಮತ್ತು ಗಾಳ

ಕನ್ನಡದಲ್ಲಿ ‘ಎರೆ’ ಎಂಬುದೊಂದು ಪುಟ್ಟ ಮಾತು. ಗಾಳಕ್ಕೆ ಸಿಕ್ಕಿಸುವ ತಿನಿಸು ಎರೆ. ಹಾಗೆ ಸಿಕ್ಕಿಸುವುದಕ್ಕೆ ಸುಲಭವಾಗಿ ಒದಗುವ ಹುಳುವೂ ಎರೆ. ತಮಿಳಿನ ‘ಇರೈ’ ಇದರ ಒಡಹುಟ್ಟು. ಹಕ್ಕಿಯ ಕೊಕ್ಕಿಗೂ ಹುಲಿಯ ಬಾಯಿಗೂ ಸಿಗುವ ಆಹಾರಕ್ಕೆ ಅಲ್ಲಿ ಆ ಹೆಸರು. ಗಾಳಕ್ಕೆ ತೆಲುಗಿನಲ್ಲಿ ‘ಗಾಲಮು’ ಎನ್ನುತ್ತಾರೆ. ಸಂಸ್ಕೃತದ ‘ಬಡಿಶ’ ನಮ್ಮ ನಿಘಂಟುಗಳವರೆಗೆ ಬಂದಿತೇ ಹೊರತು ಹೊಳೆಯ ದಡಕ್ಕೆ ಇಳಿಯಲಿಲ್ಲ. ಕಬ್ಬಿಣದ ಕೊಕ್ಕೆಗಿಂತ ಅದರ ತುದಿಯ ಉಣಿಸಿಗೆ ನಮ್ಮ ಜನ ಹೆಚ್ಚಿನ ಗಮನ ಕೊಟ್ಟಿದ್ದರೆಂಬುದಕ್ಕೆ ಈ ‘ಎರೆ’ ಎಂಬ ಮಾತಿನ ವಿಸ್ತಾರವೇ ಸಾಕ್ಷಿ. ಗಾಳದ ಸಲಕರಣೆಗಳ ಚರಿತ್ರೆಯನ್ನು ಕುರಿತು ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಒಂದು ಸಂಗತಿಯನ್ನೇ: ಸಲಕರಣೆಯನ್ನು ಆರಿಸುವುದೆಂದರೆ ಮೀನನ್ನು ಅರಿಯುವುದು.

ನಾನಿರುವುದು ಶೃಂಗೇರಿಗೆ ಸೇರಿದ ಸಿರಿಮನೆಯ ಕಡೆ. ಕನ್ನಡ ಪಾಠ ಹೇಳಿಕೊಂಡು ಬದುಕಿದವನು. ಗಾಳ ಹಾಕಿದವರ ಪಕ್ಕದಲ್ಲಿ ಕುಳಿತದ್ದುಂಟೇ ಹೊರತು ಗಾಳಗಾರನೆನ್ನಿಸಿಕೊಂಡವನಲ್ಲ. ಆದರೆ ಮಲೆನಾಡಿನ ಹಳ್ಳಗಳ ನಡುವೆ ಇರುವವನಿಗೆ ಮೀನು ಹಿಡಿಯುವ ಬಗೆಗಳು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಹಳ್ಳಗಳು ಕೆಂಪಗೆ ತುಂಬಿದಾಗ ಮೀನುಗಳು ಮೊಟ್ಟೆಯಿಡಲೆಂದು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ನೀರಿಗೆ ಎದುರಾಗಿ ಏರುತ್ತವೆ. ಇವೇ ‘ಹತ್ತುಮೀನು’. ಇವುಗಳ ದಾರಿಯಲ್ಲಿ ಕೂಣಿಯನ್ನು ಇಡುತ್ತಾರೆ. ಕೂಣಿಯೆಂದರೆ ಬಿದಿರಿನ ಸೀಳುಗಳಿಂದ ಹೆಣೆದ, ಒಳಹೊಕ್ಕ ಮೀನು ಮತ್ತೆ ಹೊರಬರಲಾಗದಂಥ ಬುಟ್ಟಿ. ಬೇಸಗೆಯಲ್ಲಿ ಹೊಳೆ ಬಡವಾಗಿ ನೀರು ಮಡುಗಳಲ್ಲಿ ಮಾತ್ರ ನಿಂತಾಗ ಕಾರೆಕಾಯಿಯನ್ನು ಜಜ್ಜಿ ಮಡುವಿಗೆ ಹಾಕುವ ಪದ್ಧತಿಯೊಂದಿತ್ತು. ಅದರ ನಂಜಿಗೆ ಹಿರಿದು ಕಿರಿದೆನ್ನದೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ಇವೆರಡರ ನಡುವೆ ಗಾಳ. ಕೂಣಿ ಇಡುವವನಿಗೆ ಮೀನಿನ ದಾರಿ ಗೊತ್ತಿದ್ದರೆ ಸಾಕು. ಗಾಳ ಹಾಕುವವನಿಗೆ ಮೀನಿನ ಹಸಿವೆಯೂ ಗೊತ್ತಿರಬೇಕು. ನಂಜು ಹಾಕುವವನಿಗೆ ಎರಡೂ ಗೊತ್ತಿರಬೇಕಾದ್ದಿಲ್ಲ.

ಗಾಳದ ಸಾಮಗ್ರಿ ನೋಡುವುದಕ್ಕೆ ಬಹಳ ಸರಳ: ಒಂದು ಬಿದಿರಿನ ಕೋಲು, ದಾರ, ನೀರಮೇಲೆ ತೇಲುವ ಬೆಂಡು, ದಾರವನ್ನು ಕೆಳಕ್ಕೆಳೆಯುವ ಸೀಸದ ಗುಂಡು, ಕೊಕ್ಕೆ, ಎರೆ. ಆದರೆ ಇವುಗಳಲ್ಲಿ ಒಂದೊಂದರ ಆಯ್ಕೆಯೂ ಒಂದೊಂದು ಪ್ರಶ್ನೆಗೆ ಉತ್ತರ. ಮೀನಿನ ಬಾಯಿ ಎಷ್ಟು ದೊಡ್ಡದು? ಕೊಕ್ಕೆ ಅಷ್ಟಕ್ಕೆ ತಕ್ಕದ್ದಾಗಬೇಕು. ಅದು ಮೇಯುವುದು ತಳದಲ್ಲೋ ನಡುನೀರಿನಲ್ಲೋ? ಬೆಂಡನ್ನು ಕಟ್ಟುವ ಅಳತೆ ಅದರಿಂದ ತೀರ್ಮಾನವಾಗುತ್ತದೆ. ಸೆಳವು ಎಷ್ಟಿದೆ? ಗುಂಡಿನ ತೂಕ ಅದನ್ನು ಅವಲಂಬಿಸಿದೆ. ಕಚ್ಚಿದ ಮೇಲೆ ಅದು ಎಷ್ಟು ಬಲವಾಗಿ ಎಳೆದೀತು? ದಾರದ ದಪ್ಪ ಅಷ್ಟಿರಬೇಕು. ಅದಕ್ಕಿಂತ ಹೆಚ್ಚಾದರೆ ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಬಿದ್ದು ಎಲ್ಲ ವ್ಯರ್ಥ. ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಹಳ್ಳದ ಸಣ್ಣ ಮೀನಿಗೆ ಕಪ್ಪೆಯನ್ನು ತೋರಿಸಿ ಫಲವಿಲ್ಲ. ಕೆರೆಯ ಜೊಂಡಿನಲ್ಲಿ ಹೊಂಚುವ ಕೊರವನಿಗೆ ಅದೇ ಮೃಷ್ಟಾನ್ನ.

ನಮ್ಮ ಸೀಮೆಯ ಪುರಾಣದಲ್ಲಿಯೂ ಎರೆಯ ಕಥೆಯೊಂದಿದೆಯೆಂದರೆ ನೀವು ನಕ್ಕೀರಿ. ಸಿರಿಮನೆಗೆ ಸಮೀಪದ ಕಿಗ್ಗದಲ್ಲಿ ನೆಲಸಿರುವವನು ಮಳೆದೇವರಾದ ಋಷ್ಯಶೃಂಗೇಶ್ವರ. ಹೆಣ್ಣಿನ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಆ ಮುನಿಕುಮಾರನನ್ನು ಅಂಗದೇಶದ ಲೋಮಪಾದ ಮಳೆಗಾಗಿ ಕರೆಸಿದ ಬಗೆಯನ್ನು ಮಹಾಭಾರತ ಹೇಳುತ್ತದೆ. ಸೈನ್ಯ ಹೋಗಲಿಲ್ಲ; ದೋಣಿಯ ಮೇಲೆ ಆಶ್ರಮವೊಂದನ್ನು ಕಟ್ಟಿಕೊಂಡು ವಾರಾಂಗನೆಯರು ಹೋದರು. ಗೆಡ್ಡೆಗೆಣಸು ತಿಂದವನಿಗೆ ಮೊದಲು ಸವಿಯಾದ ಭಕ್ಷ್ಯಗಳನ್ನು ಕೊಟ್ಟರು. ರುಚಿ ಹತ್ತಿಸಿ ಹಿಂದಿರುಗಿದರು. ಮತ್ತೆ ಬಂದಾಗ ಅವನು ತಾನಾಗಿಯೇ ಬಳಿಗೆ ಓಡಿಬಂದ. ಗಾಳದ ಮರ್ಮವನ್ನು ಇದಕ್ಕಿಂತ ಚೆನ್ನಾಗಿ ಬಲ್ಲವರು ಯಾರು?

ಈ ಮರ್ಮವನ್ನು ಶಾಸ್ತ್ರವಾಗಿ ಬರೆದಿಟ್ಟವನು ಕನ್ನಡ ನಾಡಿನ ಒಬ್ಬ ಅರಸು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗ, ‘ಸರ್ವಜ್ಞ’ನೆಂದು ಬಿರುದು ಪಡೆದ ಮೂರನೆಯ ಸೋಮೇಶ್ವರ. ಬಿಲ್ಹಣನೂ ವಿಜ್ಞಾನೇಶ್ವರನೂ ಇದ್ದ ಆಸ್ಥಾನದಲ್ಲಿ ಬೆಳೆದವನು. ಸುಮಾರು 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಹೆಸರಿದೆ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ಒಟ್ಟು ನೂರು ಅಧ್ಯಾಯ. ರಾಜನೀತಿ, ವಾಸ್ತು, ಚಿತ್ರ, ಸಂಗೀತಗಳ ಜೊತೆಗೆ ನಮ್ಮ ಇಡ್ಲಿ, ದೋಸೆಗಳ ಪೂರ್ವಜರೂ ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. ಅರಸನ ವಿನೋದಗಳನ್ನು ಹೇಳುವ ವಿಂಶತಿಯಲ್ಲಿ ಕೋಳಿ, ಟಗರುಗಳ ಕಾಳಗ, ಬೇಟೆ ಇವುಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೊಂದಿದೆ. ಅದು ಪೂರ್ತಿಯಾಗಿ ಗಾಳದ ಶಾಸ್ತ್ರ.

ಸೋಮೇಶ್ವರ ಅನುಸರಿಸಿರುವ ಕ್ರಮವನ್ನು ಗಮನಿಸಬೇಕು. ಅವನು ಮೊದಲು ಹೇಳುವುದು ಕೋಲು, ದಾರಗಳನ್ನಲ್ಲ, ಮೀನುಗಳನ್ನು. ಕಡಲ ಮೀನು ಯಾವುದು, ಸಿಹಿನೀರಿನ ಮೀನು ಯಾವುದು. ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು. ದೊಡ್ಡದು, ನಡುವಣದು, ಸಣ್ಣದು ಯಾವುದು ಎಂದು ವಿಂಗಡಿಸಿ ಸುಮಾರು ಮೂವತ್ತೈದು ಬಗೆಗಳನ್ನು ಹೆಸರಿಸುತ್ತಾನೆ. ಯಾವುದಕ್ಕೆ ಯಾವ ಉಣಿಸು ಪ್ರಿಯವೆಂದು ತಿಳಿಸುತ್ತಾನೆ. ಹಿಟ್ಟು, ಅನ್ನ, ಮಾಂಸ ಮೊದಲಾದವುಗಳ ಉಂಡೆಗಳನ್ನು ಹಾಕಿ ಮೀನುಗಳನ್ನು ಒಂದೆಡೆಗೆ ಒಗ್ಗಿಸುವುದು ಅವನಿಗೆ ಬಹುಮುಖ್ಯವಾದ ವಿಷಯ. ನಾರಿನಿಂದ ಹೊಸೆದ ದಾರ, ಕಬ್ಬಿಣದ ಕೊಕ್ಕೆ, ಕೋಲು, ಕಚ್ಚಿದ ಮೀನನ್ನು ದಣಿಸಿ ದಡಕ್ಕೆ ತರುವ ಉಪಾಯ ಇವೆಲ್ಲ ಆ ಅರಿವನ್ನು ಆಶ್ರಯಿಸಿದವು. 1951ರಲ್ಲಿ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು ಈ ಭಾಗವನ್ನು ವಿವೇಚಿಸಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಮತ್ಸ್ಯವಿಜ್ಞಾನಿಗಳು ಬೆರಗಾಗುವುದಕ್ಕೆ ಕಾರಣವಿತ್ತು. ಇಂಗ್ಲಿಷಿನಲ್ಲಿ ಗಾಳವನ್ನು ಕುರಿತು ಅಚ್ಚಾದ ಮೊದಲ ಪ್ರಬಂಧ, ಡೇಮ್ ಜೂಲಿಯಾನಾ ಬರ್ನರ್ಸಳದೆಂದು ಹೇಳಲಾಗುವುದು, ಹೊರಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಹೆಸರಾಂತ ಗ್ರಂಥ 1653ರದು. ಸೋಮೇಶ್ವರ ಇವರಿಗಿಂತ ಮೂರೂವರೆ, ಐದು ಶತಮಾನಗಳಷ್ಟು ಹಿಂದಿನವನು.

ಈ ವಿದ್ಯೆ ಗ್ರಂಥರೂಪದಲ್ಲಿ ಮತ್ತೆ ನಮ್ಮ ನಾಡಿನಲ್ಲಿ ಕಾಣಿಸಿಕೊಂಡದ್ದು ಘಟ್ಟದ ಕೆಳಗೆ, ಮಂಗಳೂರಿನಲ್ಲಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅಲ್ಲಿಯ ಹೊಳೆಗಳ ಮೀನುಗಳನ್ನು ಪರೀಕ್ಷಿಸಿ 1870ರಲ್ಲಿ ವರದಿಯೊಂದನ್ನು ಬರೆದ; 1873ರಲ್ಲಿ ‘ದಿ ರಾಡ್ ಇನ್ ಇಂಡಿಯ’ ಎಂಬ ಪುಸ್ತಕವನ್ನು ಪ್ರಕಟಿಸಿದ. ಅವನ ಕಥಾನಾಯಕ ಮಹಸೀರ್ ಮೀನು. ತುಳುವರು ಇದನ್ನು ‘ಪೆರುವೆಲ್’ ಎನ್ನುತ್ತಾರೆ. ಕಾವೇರಿಯ ತೀರದಲ್ಲಿ ‘ಬಿಳಿಮೀನು’. ಏಡಿ, ಸಣ್ಣ ಮೀನು, ದಡದ ಮರಗಳಿಂದ ಉದುರುವ ಹಣ್ಣು, ಎಲ್ಲವೂ ಇದಕ್ಕೆ ಆಹಾರವೇ. ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿಯ ಚಿಪ್ಪನ್ನು ಪುಡಿಮಾಡುವ ಆ ಬಲದ ಮುಂದೆ ಸಾಧಾರಣ ಕೊಕ್ಕೆ ಚಪ್ಪಟೆಯಾಗಿಬಿಡುತ್ತದೆ. ಇಂಗ್ಲೆಂಡಿನ ಮೀನಿಗೆಂದು ಮಾಡಿದ ನವುರಾದ ಕೊಕ್ಕೆ ಇಲ್ಲಿಗೆ ಒಪ್ಪದೆ ಹೋಯಿತು. ಸಲಕರಣೆಯನ್ನು ನಿರ್ಣಯಿಸುವುದು ಅಂಗಡಿಯಲ್ಲ, ಮೀನಿನ ಗಂಟಲು.

ಅಮೆರಿಕದವರು ಇದೇ ಪಾಠವನ್ನು ಬಾಸ್ ಎಂಬ ಸಿಹಿನೀರಿನ ಮೀನಿನಿಂದ ಕಲಿತರು. ಟ್ರೌಟ್, ಸಾಮನ್ ಮೀನುಗಳಿಗಾಗಿ ಹುಟ್ಟಿದ ಉದ್ದನೆಯ ಕೋಲುಗಳನ್ನು ಬಿಟ್ಟು ಬಾಸ್ ಮೀನಿಗೆ ಅದರದೇ ಗಿಡ್ಡ, ಹಗುರ ಕೋಲು ಬೇಕೆಂದು ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ 1881ರಲ್ಲಿ ಅದೊಂದೇ ಮೀನನ್ನು ಕುರಿತು ಗ್ರಂಥ ಬರೆದ. ಅದಕ್ಕೂ ಮೊದಲೇ, 19ನೆಯ ಶತಮಾನದ ಆರಂಭದಲ್ಲಿ, ಕೆಂಟಕಿಯ ಗಡಿಯಾರಗಾರ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳನ್ನು ಜೋಡಿಸಿ, ಹಿಡಿಯನ್ನು ಒಮ್ಮೆ ತಿರುಗಿಸಿದರೆ ಉರುಳೆ ಹಲವು ಸುತ್ತು ಸುತ್ತುವ ರೀಲನ್ನು ತಯಾರಿಸಿದ್ದ. ಅದೇ ಶತಮಾನದ ಕೊನೆಯಲ್ಲಿ ಮಿಶಿಗನ್ನಿನ ಜೇಮ್ಸ್ ಹೆಡನ್ ಮರದಲ್ಲಿ ಕಪ್ಪೆಯನ್ನು ಕೆತ್ತಿ ಕೊಕ್ಕೆಗೆ ಜೋಡಿಸಿದ. ಬಾಸ್ ನಮ್ಮ ಕೊರವನಂತೆಯೇ ಜೊಂಡಿನ ನೆರಳಿನಲ್ಲಿ ಹೊಂಚಿ ಕಪ್ಪೆಯ ಮೇಲೆರಗುವ ಪ್ರಾಣಿ. ಕುಲದಲ್ಲಿ ನಂಟಿಲ್ಲ, ಶೀಲದಲ್ಲಿ ನಂಟು. ಇನ್ನೂ ಒಂದು ಸಾಮ್ಯವುಂಟು: ಎರಡೂ ತಮ್ಮ ಮೊಟ್ಟೆಮರಿಗಳನ್ನು ಕಾಯುತ್ತವೆ. ಕಾವಲು ನಿಂತಿರುವ ಮೀನನ್ನು ಎಳೆದುಕೊಂಡರೆ ಒಂದು ಮೀನು ಹೋದಂತಲ್ಲ, ಒಂದು ಸಂಸಾರವೇ ಹೋದಂತೆ. ಯಾವಾಗ ಗಾಳ ಹಾಕಬಾರದೆಂಬುದೂ ಶಾಸ್ತ್ರದ ಭಾಗವಾಗುವುದು ಹೀಗೆ.

ಮತ್ತೆ ನಮ್ಮ ಹೊಳೆಗಳಿಗೆ ಬರೋಣ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಸ್ವಾತಂತ್ರ್ಯಾನಂತರ ಅಂಥ ಮೀನುಗಳ ಸುದ್ದಿ ಅಡಗಿಹೋಗಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಗಾಳಗಾರರು ಕಾವೇರಿಗೆ ಬಂದು, ಅದು ಇನ್ನೂ ಇದೆಯೆಂದು ಲೋಕಕ್ಕೆ ತಿಳಿಸಿದರು. ಅನಂತರ ಆ ತೀರದಲ್ಲಿ ಹೆಸರಾದ ಎರೆ ಯಾವುದೆನ್ನುತ್ತೀರಿ? ರಾಗಿಯ ಮುದ್ದೆ! ವಿದೇಶದ ರೀಲು, ನೈಲಾನಿನ ದಾರ, ಅದರ ತುದಿಯಲ್ಲಿ ಮಂಡ್ಯದ ಒಕ್ಕಲಿನ ಮನೆಯ ಊಟ. ಸೋಮೇಶ್ವರನ ಹಿಟ್ಟಿನ ಉಂಡೆ ಎಂಟೂವರೆ ಶತಮಾನ ದಾಟಿ ಬಂದಂತಾಯಿತು.

ಆದರೆ ಈ ಗಾಳಗಾರರಲ್ಲಿ ಒಂದು ಹೊಸ ನಿಯಮವಿತ್ತು. ಹಿಡಿದ ಮೀನನ್ನು ತೂಗಿ, ಲೆಕ್ಕ ಬರೆದು, ಜೀವಸಹಿತ ನೀರಿಗೆ ಬಿಡುವುದು. ಗಾಲಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಕಳವಳಕಾರಿಯಾದ ಸಂಗತಿ ಹೊರಬಿತ್ತು. ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಸೀರ್ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿತ್ತು. ಲೋನಾವಳದ ಮರಿಸಾಕಣೆಯಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಸೀರ್ ಹೆಚ್ಚುತ್ತಿತ್ತು. ಹೊಳೆಗೆ ಒಳಿತಾಗಲೆಂದು ಮಾಡಿದ ಕೆಲಸವದು. 150 ವರ್ಷ ಜಗತ್ತಿನ ಗಾಳಗಾರರ ಕನಸಾಗಿದ್ದ ಗೂನುಬೆನ್ನಿನ ಮೀನಿಗೆ ಶಾಸ್ತ್ರೀಯವಾಗಿ ಯಾವ ಹೆಸರು ಸಲ್ಲುತ್ತದೆಂಬುದು ಖಚಿತವಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣವೂ ಮೃತ್ಯುಶಂಕೆಯೂ ಒಂದೇ ವರ್ಷದಲ್ಲಿ!

ಇದಕ್ಕೆ ಕಾರಣ ಗಾಳವೊಂದೇ ಎನ್ನಲಾಗದು. ಅಣೆಕಟ್ಟುಗಳಿವೆ, ಮರಳಿನ ಲೂಟಿಯಿದೆ, ಎಲ್ಲಕ್ಕಿಂತ ಕ್ರೂರವಾಗಿ ಸಿಡಿಮದ್ದಿದೆ, ವಿಷವಿದೆ. ಇವೆರಡನ್ನೂ 1897ರ ಮೀನುಗಾರಿಕೆಯ ಕಾಯಿದೆಯೇ ನಿಷೇಧಿಸಿತ್ತು. ಹಿಂದೆ ಕಾರೆಕಾಯಿ, ಈಗ ಅಂಗಡಿಯ ರಾಸಾಯನಿಕ. ಮಡುವಿಗೆ ಸಿಡಿಮದ್ದು ಎಸೆಯುವವನಿಗೆ ಅಲ್ಲಿ ಯಾವ ಮೀನಿದೆ, ಅದು ಏನನ್ನು ತಿನ್ನುತ್ತದೆ, ಮೊಟ್ಟೆಯಿಡುವುದು ಯಾವಾಗ ಎಂಬ ಯಾವ ಪ್ರಶ್ನೆಯೂ ಇಲ್ಲ. ಸಲಕರಣೆ ಬಲವಾದಂತೆ ಅರಿವು ಅನಾವಶ್ಯಕವಾಗುತ್ತದೆ. ಅರಿವು ಅಳಿದಲ್ಲಿ ಮೀನೂ ಅಳಿಯುತ್ತದೆ.

ಇಂಥ ಅರಿವನ್ನು ಗಾಳವಿಲ್ಲದೆಯೂ ಉಳಿಸಿಕೊಳ್ಳಬಹುದೆ? ಶೃಂಗೇರಿಯ ಸ್ನಾನಘಟ್ಟದಲ್ಲಿ ಅದಕ್ಕೊಂದು ಉತ್ತರವಿದೆ. ಹೆರಿಗೆಯ ನೋವಿನಲ್ಲಿದ್ದ ಕಪ್ಪೆಗೆ ಸರ್ಪ ಹೆಡೆಯೆತ್ತಿ ನೆರಳಾದ ದೃಶ್ಯವನ್ನು ಶಂಕರಾಚಾರ್ಯರು ಕಂಡರೆನ್ನುವ ಸ್ಥಳ ಅದು. ಕಪ್ಪೆಶಂಕರನ ಗುಡಿ ಅಲ್ಲಿದೆ. ಅದರ ಮುಂದೆ ತುಂಗೆಯಲ್ಲಿ ದಪ್ಪ ದಪ್ಪ ಮೀನುಗಳು ಯಾತ್ರಿಕರ ಕೈಯ ಮಂಡಕ್ಕಿಗೆ ಮುಗಿಬೀಳುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಕಾವೇರಿ ತೀರದ ರಾಮನಾಥಪುರದಲ್ಲಿಯೂ ಕಪಿಲೆಯ ದಡದ ಶಿಶಿಲದಲ್ಲಿಯೂ ಇದೇ ಪದ್ಧತಿ. ಜಿಂಕೆ ನಾದಕ್ಕೆ, ಆನೆ ಸ್ಪರ್ಶಕ್ಕೆ, ಪತಂಗ ರೂಪಕ್ಕೆ, ದುಂಬಿ ಗಂಧಕ್ಕೆ, ಮೀನು ರಸನೆಗೆ ಬಲಿಯಾಗುತ್ತದೆಂಬ ಮಾತು ಆಚಾರ್ಯರ ಹೆಸರಿನಲ್ಲಿರುವ ‘ವಿವೇಕಚೂಡಾಮಣಿ’ಯಲ್ಲಿ ಬರುತ್ತದೆ. ಆ ಘಟ್ಟದಲ್ಲಿ ಮಾತ್ರ ಮೀನು ರಸನೆಯನ್ನು ನಂಬಿಯೂ ಬದುಕುತ್ತದೆ.

ಹೀಗೆ ನೋಡಿದರೆ ಕಲ್ಯಾಣದ ಅರಸನೂ ಶೃಂಗೇರಿಯ ಯಾತ್ರಿಕನೂ ಕೈಗೊಂಡ ಮೊದಲ ಕ್ರಿಯೆ ಒಂದೇ. ನೀರಿಗೆ ತುತ್ತು ಹಾಕಿ ಮೀನನ್ನು ಕರೆಯುವುದು. ಒಬ್ಬನ ತುತ್ತಿನೊಳಗೆ ಕಬ್ಬಿಣವಿತ್ತು, ಇನ್ನೊಬ್ಬನದರಲ್ಲಿ ಇಲ್ಲ. ಗಾಳ ಹಾಕುವ ಬಡವನನ್ನು ನಾನು ಹಳಿಯಲಾರೆ; ಅವನು ಒಂದು ಮೀನನ್ನು ಕೇಳುತ್ತಾನೆ, ಹೊಳೆಯನ್ನಲ್ಲ. ಅವನಿಗೂ ಯಾತ್ರಿಕನಿಗೂ ನಾಳೆ ಅದೇ ಮಡುವಿನಲ್ಲಿ ಮೀನು ಇರಬೇಕು. ಇಬ್ಬರಿಗೂ ಹಗೆಯಾದವನು ಮಡುವನ್ನೇ ಬರಿದುಮಾಡುವವನು. ನಮ್ಮ ಮಲೆನಾಡಿನ ಮಡುಗಳನ್ನು ಅವನಿಂದ ಉಳಿಸಿಕೊಂಡೆವಾದರೆ ‘ಎರೆ’ ಎಂಬ ಆ ಪುಟ್ಟ ಮಾತು ಮುಂದಿನವರಿಗೂ ಅರ್ಥವಾದೀತು. ಇಲ್ಲವಾದರೆ ಅದನ್ನು ವಿವರಿಸಲು ಕನ್ನಡದ ಮೇಷ್ಟರೇ ಬೇಕಾದಾರು, ತೋರಿಸುವುದಕ್ಕೆ ಮೀನಿರುವುದಿಲ್ಲ.