ಕಾರಿನ ಒಳಬಣ್ಣಕ್ಕೂ ಒಂದು ಚರಿತ್ರೆ



ಚರಿತ್ರೆಯೆಂದರೆ ರಾಜರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂಬ ಭಾವನೆಯನ್ನು ನಾನು ತರಗತಿಯಲ್ಲಿ ಎಂದೂ ಒಪ್ಪಿದವನಲ್ಲ. ದಿನವೂ ನಮ್ಮ ಕೈಗೆ ತಾಗುವ ವಸ್ತುಗಳಿಗೂ ವಂಶಾವಳಿಯಿದೆ. ಸೀಮೆಸುಣ್ಣಕ್ಕಿದೆ, ಕೊಡೆಗಿದೆ, ಕಾರಿನ ಒಳಗೆ ಗಾಜಿನ ಕೆಳಗೋ ಬಾಗಿಲಿನ ಹಿಡಿಯ ಸುತ್ತಲೋ ಇರುವ ಸಾಮಾನ್ಯ ಪ್ಲಾಸ್ಟಿಕ್ ಪಟ್ಟಿಗೂ ಇದೆ. ಹಳೆಯ ಕಾರುಗಳಲ್ಲಿ ಈ ಪಟ್ಟಿಗಳ ಬಣ್ಣ ಬಿಸಿಲಿಗೆ ಮಾಸಿ, ಬೆರಳಿನ ಉಜ್ಜಾಟಕ್ಕೆ ಸವೆದು ಹೋಗಿರುತ್ತದೆ. ಅವನ್ನು ಮನೆಯಲ್ಲಿಯೇ ಬಿಚ್ಚಿ ಮತ್ತೆ ಬಣ್ಣ ಹೊಡೆಯುವವರು ಈಗ ಅನೇಕರಿದ್ದಾರೆ. ಅವರು ಕೈಯಲ್ಲಿ ಹಿಡಿದಿರುವುದು ಎಷ್ಟು ದೊಡ್ಡ ಚರಿತ್ರೆಯ ತುಣುಕು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಹೆಸರನ್ನೇ ನೋಡೋಣ. 'ಡ್ಯಾಶ್‌ಬೋರ್ಡ್' ಎಂಬ ಮಾತು ಕಾರಿಗಿಂತ ಹಳೆಯದು. ಇಲ್ಲಿ 'ಡ್ಯಾಶ್' ಎಂದರೆ ರಾಚುವುದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿ ಹೊಡೆಯುವವನ ಮೇಲೆ ರಾಚದಿರಲೆಂದು ಸಾರೋಟಿನ ಮುಂಭಾಗದಲ್ಲಿ ಮರದ ಅಥವಾ ಚರ್ಮದ ಒಂದು ತಡೆ ಇರುತ್ತಿತ್ತು. ಅದೇ ಡ್ಯಾಶ್‌ಬೋರ್ಡ್, ನಮ್ಮ ಮಾತಿನಲ್ಲಿ ಕೆಸರುಹಲಗೆ. ಕುದುರೆ ಹೋಗಿ ಎಂಜಿನ್ ಬಂತು, ಕೆಸರು ರಾಚುವುದು ನಿಂತಿತು, ಹಲಗೆ ಮಾತ್ರ ಉಳಿದುಕೊಂಡಿತು. ವೇಗ ತೋರಿಸುವ ಮುಳ್ಳು, ಗುಂಡಿಗಳು, ರೇಡಿಯೊ ಎಲ್ಲವೂ ಕ್ರಮೇಣ ಅದರ ಮೇಲೆ ಬಂದು ಕುಳಿತವು.

ಇನ್ನು ಬಣ್ಣದ ಕಥೆ. ಇದರ ಒಂದು ಬೇರು ನಮ್ಮ ನೆಲದಲ್ಲಿಯೇ ಇದೆ. ಪಾಂಡವರನ್ನು ಸುಡಲೆಂದು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆ ಅರಗು ಮುತ್ತುಗ, ಜಾಲಾರಿ ಮುಂತಾದ ಮರಗಳ ಕೊಂಬೆಗಳ ಮೇಲೆ ಒಂದು ಪುಟ್ಟ ಕೀಟ ಒಸರಿಸುವ ರಾಳ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುತ್ತಿರುವ ಮರದ ಆಟಿಕೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಒಣಗಲು ಕಾಯಬೇಕಾದ ಪ್ರಮೇಯವೇ ಇಲ್ಲ. ಈ 'ಕಾಯುವಿಕೆ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೂ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತ ಬಂದಿರುವ ಸಂಸ್ಥೆ ಇದೇ.

ಯೂರೋಪಿನವರಿಗೆ ಚೀನಾ, ಜಪಾನ್ ದೇಶಗಳ ಹೊಳೆಯುವ ಮೆರುಗಿನ ಪೆಟ್ಟಿಗೆಗಳೆಂದರೆ ಬಹಳ ಮೋಹ. ಆ ಮೆರುಗನ್ನು ಕೊಡುವ ಮರದ ಹಾಲು ಅವರಿಗೆ ಸಿಗುತ್ತಿರಲಿಲ್ಲ. 17ನೆಯ ಶತಮಾನದಲ್ಲಿ ಅವರು ಅರಗು ಮತ್ತಿತರ ರಾಳಗಳಿಂದ ಅದನ್ನು ಅನುಕರಿಸಿದರು. ಆ ಕೆಲಸಕ್ಕೆ 'ಜಪಾನಿಂಗ್' ಎಂದೇ ಹೆಸರಾಯಿತು. ಮುಂದೆ ಡಾಂಬರಿನಂಥ ವಸ್ತುವಿನಿಂದ ಮಾಡಿದ, ಒಲೆಯಲ್ಲಿ ಬೇಯಿಸಿ ಗಟ್ಟಿಗೊಳಿಸುವ ಕಪ್ಪು ಮೆರುಗೂ 'ಜಪಾನ್ ಕಪ್ಪು' ಎನಿಸಿಕೊಂಡಿತು. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿಗೆ ಬಂದದ್ದು ಈ ಕುಲದ ಕಪ್ಪು. 1908ರಲ್ಲಿ ಹೊರಬಂದ ಆ ಕಾರು ಮೊದಲ ವರ್ಷಗಳಲ್ಲಿ ಬೇರೆ ಬೇರೆ ಬಣ್ಣಗಳಲ್ಲಿತ್ತು. 1913ರಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಮೇಲೆ, 1914ರಿಂದ ಸುಮಾರು ಹನ್ನೆರಡು ವರ್ಷ ಕಪ್ಪೊಂದೇ ಉಳಿಯಿತು. ಅದು ಅಗ್ಗವಾಗಿತ್ತು, ಬಾಳಿಕೆ ಬರುತ್ತಿತ್ತು. ಎಲ್ಲಕ್ಕೂ ಒಂದೇ ಬಣ್ಣವಾದರೆ ಕೆಲಸವೂ ಸಲೀಸು.

ಬಣ್ಣ ಬಣ್ಣದ ದುಬಾರಿ ಕಾರುಗಳ ಪಾಡು ಬೇರೆಯೇ ಆಗಿತ್ತು. ಸಾರೋಟಿಗೆ ಹಚ್ಚುತ್ತಿದ್ದಂತೆಯೇ ಅವಕ್ಕೂ ಎಣ್ಣೆಬಣ್ಣ ಮತ್ತು ವಾರ್ನಿಷನ್ನು ಕುಂಚದಿಂದ ಪದರ ಪದರವಾಗಿ ಹಚ್ಚಬೇಕು, ಒಣಗಿದ ಮೇಲೆ ಉಜ್ಜಬೇಕು, ಮತ್ತೆ ಹಚ್ಚಬೇಕು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಸಾವಿರಾರು ಕಾರುಗಳು ಒಣಗುತ್ತ ನಿಲ್ಲಲು ಎಷ್ಟು ಜಾಗ ಬೇಕು, ಊಹಿಸಿ! 1923ರಲ್ಲಿ ಡೂಪಾಂಟ್ ಕಂಪನಿ ಮತ್ತು ಜನರಲ್ ಮೋಟಾರ್ಸ್ ಸೇರಿ 'ಡ್ಯೂಕೊ' ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ಬಳಕೆಗೆ ತಂದವು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳು ಅದರ ನೀಲಿ ಬಣ್ಣವನ್ನು ಹೊತ್ತು ಬಂದವು. ಯಂತ್ರದಿಂದ ಸಿಂಪಡಿಸಬಹುದಾದ ಈ ಬಣ್ಣದಿಂದ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕಾಯುವಿಕೆಯನ್ನು ಮನುಷ್ಯ ಗೆದ್ದನೆಂದೇ ಎಲ್ಲರೂ ತಿಳಿದರು.

ಬಣ್ಣ ಬದಲಾದಂತೆ ಬಣ್ಣ ಹಚ್ಚಿಸಿಕೊಳ್ಳುವ ವಸ್ತುವೂ ಬದಲಾಯಿತು. ಇಲ್ಲಿ ಮತ್ತೆ ನಮ್ಮ ಅರಗು ಬರುತ್ತದೆ. ವಿದ್ಯುತ್ ಉಪಕರಣಗಳ ನಿರೋಧಕವಾಗಿ ಅರಗಿಗೆ ಬೇಡಿಕೆ ಹೆಚ್ಚಿದಾಗ, ಅದಕ್ಕೊಂದು ಕೃತಕ ಬದಲಿಯನ್ನು ಹುಡುಕಲು ಹೊರಟವರು ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲೆಂಡ್. 1907ರಲ್ಲಿ ಅಮೆರಿಕದಲ್ಲಿ ಅವರು ಕಂಡುಕೊಂಡದ್ದೇ ಬೇಕಲೈಟ್. ನಮ್ಮ ಮನೆಗಳ ಹಳೆಯ ಕರಿಯ ಸ್ವಿಚ್ಚುಗಳು ಅದರವೇ. ಕಾರಿನ ಗುಂಡಿಗಳೂ ಹಿಡಿಗಳೂ ಅದರಿಂದ ಬಂದವು. ಕೀಟದ ರಾಳಕ್ಕೆ ಬದಲಿ ಹುಡುಕಹೋಗಿ ಪ್ಲಾಸ್ಟಿಕ್ ಯುಗವೇ ತೆರೆದುಕೊಂಡಿತು. 1950ರ ದಶಕದಲ್ಲಿ ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಂತು. ಅದೇ ದಶಕದಲ್ಲಿ ಪಾಲಿಪ್ರಾಪಿಲೀನ್ ರೂಪುಗೊಂಡಿತು. ಈ ಬಗೆಯ ಪ್ಲಾಸ್ಟಿಕ್‌ಗಳಿಗೆ ದಾರಿ ಮಾಡಿಕೊಟ್ಟ ಕಾರ್ಲ್ ಸೀಗ್ಲರ್ ಮತ್ತು ಜೂಲಿಯೊ ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಪಾಲಿಪ್ರಾಪಿಲೀನ್ ಅಗ್ಗ, ಹಗುರ. ಆದರೆ ಅದರ ಮೈಗೆ ಬಣ್ಣ ಹತ್ತುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಬಿಡುತ್ತದೆ.

ನಮ್ಮ ದೇಶದಲ್ಲಿ ಈ ಬದಲಾವಣೆ ತಡವಾಗಿ ಕಾಣಿಸಿತು. 1974ರಲ್ಲಿ ಪದ್ಮಿನಿ ಎಂದು ಹೆಸರು ಪಡೆದ ಫಿಯೆಟ್ಟಿನಲ್ಲಿ ಕುಳಿತವರಿಗೆ ಒಳಗಿನ ಬಣ್ಣ ಬಳಿದ ತಗಡು ನೆನಪಿರಬಹುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಮಧ್ಯಮ ವರ್ಗದ ಮನೆಗಳಿಗೆ ಕಾರಿನ ಜತೆಗೇ ಕಾರಿನೊಳಗಿನ ಪ್ಲಾಸ್ಟಿಕ್ಕೂ ಬಂತು.

ಮನೆಯಲ್ಲಿ ಬಣ್ಣ ಹೊಡೆಯುವವನ ಕೈಗೆ ಒತ್ತುಡಬ್ಬಿಯನ್ನು ಕೊಟ್ಟ ಕಥೆಯೂ ಸ್ವಾರಸ್ಯಕರ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಮಲೇರಿಯಾ ಸೊಳ್ಳೆಯಿಂದ ಕಾಪಾಡಲು ಅಮೆರಿಕದಲ್ಲಿ ಕೀಟನಾಶಕದ ಒತ್ತುಡಬ್ಬಿಗಳನ್ನು ಮಾಡಿದರು. 1949ರಲ್ಲಿ ಇಲಿನಾಯ್ ರಾಜ್ಯದ ಬಣ್ಣದ ವ್ಯಾಪಾರಿ ಎಡ್ವರ್ಡ್ ಸೀಮೋರ್, ತನ್ನ ಪತ್ನಿ ಬಾನಿಯ ಸಲಹೆಯಂತೆ, ಅಂಥ ಡಬ್ಬಿಯಲ್ಲಿ ಬಣ್ಣ ತುಂಬಿಸಿ ಕೊಟ್ಟ. ಗುಂಡಿ ಒತ್ತಿದರೆ ಸಾಕು, ಯಾರು ಬೇಕಾದರೂ ಬಣ್ಣಗಾರರು! ಆದರೆ ಇಂಥ ಡಬ್ಬಿಗಳಿಂದ ಸರಕನ್ನು ಹೊರನೂಕುತ್ತಿದ್ದ ಸಿ.ಎಫ್.ಸಿ. ಅನಿಲಗಳು ಆಕಾಶಕ್ಕೇರಿ ಓಜೋನ್ ಪದರವನ್ನು ತಿನ್ನಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಈಗಿನ ಬಣ್ಣದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಡುಗೆ ಅನಿಲದ ಜಾತಿಯ ಅನಿಲ. ಓಜೋನಿಗೆ ತೊಂದರೆಯಿಲ್ಲ, ಬೆಂಕಿಯ ಭಯ ಮಾತ್ರ ಇದ್ದೇ ಇದೆ.

ಇನ್ನುಳಿದದ್ದು ಹೊಳಪಿನ ವಿಚಾರ. 1950ರ ದಶಕದ ಅಮೆರಿಕದ ಕಾರುಗಳು ಒಳಗೂ ಹೊರಗೂ ಕ್ರೋಮಿಯಂ ಲೇಪದಿಂದ ಥಳಥಳಿಸುತ್ತಿದ್ದವು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಬರೆದು, ಕಣ್ಣು ಕೋರೈಸುವ ಡ್ಯಾಶ್‌ಬೋರ್ಡುಗಳು, ಎದೆಗೆ ಚುಚ್ಚುವ ಗುಂಡಿಗಳು ಜನರ ಪ್ರಾಣಕ್ಕೆ ಎರವಾಗುತ್ತಿವೆಯೆಂದು ವಾದಿಸಿದರು. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. 1968ರ ಜನವರಿಯಿಂದ ಜಾರಿಗೆ ಬಂದ ನಿಯಮಗಳಲ್ಲಿ, ಚಾಲಕನ ಕಣ್ಣೆದುರಿನ ಲೋಹದ ಕೆಲವು ಭಾಗಗಳ ಹೊಳಪಿಗೆ ಮಿತಿ ಹಾಕಿದ್ದೂ ಒಂದು. ಕಾರಿನ ಮುಂಗಾಜಿನ ಕೆಳಗಿನ ಭಾಗ ಮಂಕಾಗಿರುವುದು ಜಿಪುಣತನದಿಂದಲ್ಲ. ಬಿಸಿಲು ಅದರ ಮೇಲೆ ಬಿದ್ದು ಗಾಜಿನಲ್ಲಿ ಪ್ರತಿಫಲಿಸಿದರೆ ಎದುರಿನ ರಸ್ತೆಯೇ ಕಾಣದು.

ಕಳೆದ ಬೇಸಿಗೆಯಲ್ಲಿ ಈ ಚರಿತ್ರೆಯೆಲ್ಲ ನನ್ನ ಮನೆಯ ಅಂಗಳಕ್ಕೇ ಬಂದಿತು. ನನ್ನ ತಂಗಿಯ ಮಗ, ದಿವಂಗತರಾದ ನಮ್ಮ ಭಾವನವರ ಹಳೆಯ ಮಾರುತಿ 800 ಅನ್ನು ಮಾರದೆ ಉಳಿಸಿಕೊಂಡಿದ್ದಾನೆ. "ಮಾವ, ಒಳಗಿನ ಪಟ್ಟಿಗಳಿಗೆಲ್ಲ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಬಣ್ಣ ಹೊಡೆದುಬಿಡೋಣ. ಭಾನುವಾರ ಒಂದೇ ದಿನದ ಕೆಲಸ" ಎಂದ. ಅವನ ಎರಡು ವರ್ಷದ ಮಗಳು ಪಕ್ಕದಲ್ಲಿಯೇ ಆಡುತ್ತಿದ್ದಳು. "ಆಗಲಿ ಕಣಪ್ಪ, ಆದರೆ ಹೊಳಪು ಬೇಡ, ಒಂದು ದಿನವೂ ಸಾಲದು, ಮಗು ಹತ್ತಿರವೂ ಇರಕೂಡದು" ಎಂದೆ. ಮೂರಕ್ಕೂ ಕಾರಣ ಕೇಳಿದ. ಮೇಲೆ ಬರೆದದ್ದನ್ನೆಲ್ಲ ಹೇಳಿದೆ.

ಮಗುವನ್ನು ದೂರವಿಡಲು ಇನ್ನೊಂದು ಕಾರಣವೂ ಇದೆ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು ಛಾಯೆಗಳಲ್ಲಿ, ಸೀಸ ಬೆರೆತಿರುವುದುಂಟು. ಒಣಗಿದ್ದಾಗ ಉಜ್ಜಿದರೆ ಅದು ಧೂಳಾಗಿ ಹಾರುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದು ವಿಷ. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಈ ವಿಷಯದಲ್ಲಿ ಜನರನ್ನು ಎಚ್ಚರಿಸಿದವರು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ತಗಡಿನ ಬಣ್ಣವನ್ನು ಮನೆಯಲ್ಲಿ ಒಣಗಿದ್ದಾಗ ಉಜ್ಜದಿರುವುದೇ ಕ್ಷೇಮ. ನಮ್ಮದು ಪ್ಲಾಸ್ಟಿಕ್ ಪಟ್ಟಿಯಾದರೂ ನೀರು ಹಾಕಿಯೇ ಉಜ್ಜಿದೆವು.

ಕೆಲಸದ ಕ್ರಮ ಹೀಗಿತ್ತು. ಪಟ್ಟಿಗಳನ್ನು ಬಿಚ್ಚಿ ಹಿಂಭಾಗ ನೋಡಿದೆವು. ಅಲ್ಲಿ ಅಚ್ಚೊತ್ತಿರುವ ಅಕ್ಷರಗಳಿಂದ ಅದು ಎ.ಬಿ.ಎಸ್. ಪ್ಲಾಸ್ಟಿಕ್ಕೋ ಪಿ.ಪಿ., ಅಂದರೆ ಪಾಲಿಪ್ರಾಪಿಲೀನೋ ಎಂದು ತಿಳಿಯುತ್ತದೆ. ಪಿ.ಪಿ. ಆದರೆ ಬಣ್ಣ ಹಿಡಿಸುವ ವಿಶೇಷ ಪ್ರೈಮರ್ ಬೇಕೇ ಬೇಕು. ಮೊದಲು ಸೋಪಿನ ನೀರಿನಲ್ಲಿ ತೊಳೆದೆವು. ಡ್ಯಾಶ್‌ಬೋರ್ಡ್ ಹೊಳೆಯಲೆಂದು ವರ್ಷಗಳಿಂದ ಸವರಿದ್ದ ಪಾಲಿಷಿನ ಜಿಡ್ಡು ಹೋಗದಿದ್ದರೆ ಯಾವ ಬಣ್ಣವೂ ನಿಲ್ಲದು. ನಂತರ 600 ಅಂಕಿಯ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದೆವು. ಬಣ್ಣ ಹೊಡೆದದ್ದು ಕಾರಿನಿಂದ ದೂರ, ಗಾಳಿಯಾಡುವ ಅಂಗಳದಲ್ಲಿ, ಮೂಗು ಬಾಯಿಗೆ ರಾಸಾಯನಿಕ ಆವಿ ತಡೆಯುವ ಮುಖವಾಡ ಕಟ್ಟಿಕೊಂಡು. ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಇಲ್ಲದಂತೆ ನೋಡಿಕೊಂಡು. ಒಂದೇ ಸಲ ದಪ್ಪವಾಗಿ ಹೊಡೆದರೆ ಬಣ್ಣ ಇಳಿದು ಗೆರೆ ಬೀಳುತ್ತದೆ. ತೆಳುವಾದ ಮೂರು ಪದರ, ನಡುವೆ ಕಾಲು ಗಂಟೆಯ ವಿರಾಮ. ಆಮೇಲೆ ಎರಡು ದಿನ ಮುಟ್ಟಲಿಲ್ಲ. ಮಂಕು ಬೂದು ಬಣ್ಣವನ್ನೇ ಆರಿಸಿದೆವು. ನಿಮ್ಮದು ಏರ್‌ಬ್ಯಾಗ್ ಇರುವ ಕಾರಾದರೆ ಅದರ ಮುಚ್ಚಳಕ್ಕೆ ಮಾತ್ರ ಬಣ್ಣ ಹಚ್ಚಬೇಡಿ. ಅದು ಗೊತ್ತಾದ ಗೆರೆಯಲ್ಲಿ ಹರಿದು ತೆರೆದುಕೊಳ್ಳುವಂತೆ ಮಾಡಿದ ವಸ್ತು. ಮೇಲಿನ ಬಣ್ಣ ಅದಕ್ಕೆ ಅಡ್ಡಿಯಾಗಬಹುದು, ಇಲ್ಲವೇ ಚಕ್ಕೆಯಾಗಿ ಮುಖಕ್ಕೆ ಸಿಡಿಯಬಹುದು.

ಚಾಲಕನ ಬಾಗಿಲಿನ ಹಿಡಿಯ ಪಟ್ಟಿಯೊಂದು ಉಳಿದಿತ್ತು. ಭಾವನವರು ಕಾರು ನಡೆಸುವಾಗ ಸಂಕೇತ ದೀಪ ಹಸಿರಾಗಲು ಕಾಯುತ್ತ ಹೆಬ್ಬೆರಳಿನಿಂದ ಅದನ್ನು ಸವರುವ ರೂಢಿಯಿತ್ತು. ಅಲ್ಲಿ ಅಂಗುಲದಷ್ಟು ಜಾಗ ಸವೆದು ನುಣುಪಾಗಿತ್ತು. ಅಳಿಯ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ತಂಗಿ ಬಾಗಿಲಲ್ಲಿ ನಿಂತಿದ್ದಳು, ಏನೂ ಹೇಳಲಿಲ್ಲ. ಅವನು ಅದನ್ನು ತೊಳೆದು, ಒರೆಸಿ, ಬಣ್ಣ ಹಚ್ಚದೆಯೇ ಮತ್ತೆ ಜೋಡಿಸಿದ. ಶಾಸನದ ಮೇಲೆ ಸುಣ್ಣ ಬಳಿಯಬಾರದೆಂದು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಂದು ಆ ಪಾಠ ಹೇಳುವ ಅಗತ್ಯವೇ ಬೀಳಲಿಲ್ಲ.

ಕಾರಿನ ಹೊರಬಣ್ಣ ಊರಿಗೆ, ಒಳಬಣ್ಣ ನಮಗೆ. ನಮ್ಮ ಕಣ್ಣು, ಕೈ, ಉಸಿರು ಮೂರೂ ದಿನವೂ ಅದನ್ನು ಮುಟ್ಟುತ್ತವೆ. ಹೊಳಪು ಕಣ್ಣಿಗೆ ಮುಳುವಾಯಿತು, ಸೀಸ ಮಕ್ಕಳಿಗೆ ಮುಳುವಾಯಿತು, ಒತ್ತುಡಬ್ಬಿಯ ಅನಿಲ ಆಕಾಶಕ್ಕೆ ಮುಳುವಾಯಿತು. ಪ್ರತಿಯೊಂದನ್ನೂ ಯಾರೋ ಒಬ್ಬರು ಮೊದಲು ಗಮನಿಸಿ, ಜನ ನಂಬದಿದ್ದಾಗಲೂ ಬಿಡದೆ ಹೇಳಿದ್ದರಿಂದ ನಾವಿಂದು ಕ್ಷೇಮವಾಗಿ ಕುಳಿತು ಪ್ರಯಾಣ ಮಾಡುತ್ತಿದ್ದೇವೆ. ಇಷ್ಟೆಲ್ಲ ಆದರೂ, ಒಂದು ಪದರ ಒಣಗುವ ಮೊದಲು ಇನ್ನೊಂದನ್ನು ಹಚ್ಚಬಾರದೆಂಬ ಸಾರೋಟಿನ ಕಾಲದ ನಿಯಮವನ್ನು ಮನೆಯ ಅಂಗಳದಲ್ಲಿ ಬಣ್ಣ ಹೊಡೆಯುವವರು ಇಂದಿಗೂ ಪಾಲಿಸಲೇಬೇಕು. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಮಳೆಗಾಲ ಮುಗಿಯಲಿ. ತೇವದ ಗಾಳಿಯಲ್ಲಿ ಬಣ್ಣ ಮಬ್ಬಾಗುತ್ತದೆ.